ನಾಳೆಯೇ ಒಪ್ಪಬೇಕೆನ್ನುವ ಗುತ್ತಿಗೆ ಕೆಲಸ

ಪ್ರಶ್ನೆ: ನನಗೆ 44 ವರ್ಷ. ಬೆಂಗಳೂರಿನಲ್ಲಿ 19 ವರ್ಷ ಡೇಟಾಬೇಸ್ ಮತ್ತು ಬ್ಯಾಕೆಂಡ್ ಕೆಲಸ ಮಾಡಿದೆ. ಕೊನೆಯ ಸಂಬಳ ವರ್ಷಕ್ಕೆ 24 ಲಕ್ಷ ರೂಪಾಯಿ. ಏಳು ತಿಂಗಳ ಹಿಂದೆ ನಮ್ಮ ತಂಡವನ್ನೇ ಮುಚ್ಚಿದರು. ಈಗ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ತಂದೆಯವರ ಮನೆಯಲ್ಲಿದ್ದೇನೆ. ಕಾಯಂ ಹುದ್ದೆಗಳಿಗೆ ಮುನ್ನೂರಕ್ಕೂ ಹೆಚ್ಚು ಅರ್ಜಿ ಹಾಕಿ ಸೋತು, ಗುತ್ತಿಗೆ ಕೆಲಸವಾದರೂ ಸಿಗಲಿ ಎಂದು ಹುಡುಕುತ್ತಿದ್ದೇನೆ. ಏಜೆನ್ಸಿಗಳು ಕರೆ ಮಾಡಿ ರೆಸ್ಯೂಮೆ ಪಡೆಯುತ್ತವೆ, ಆಮೇಲೆ ಸುದ್ದಿಯಿಲ್ಲ. ಒಂದು ಏಜೆನ್ಸಿ ಮಾತ್ರ ತಿಂಗಳಿಗೆ ಒಂದು ಲಕ್ಷಕ್ಕೆ ಆರು ತಿಂಗಳ ಕೆಲಸವಿದೆ, ಮನೆಯಿಂದಲೇ ಮಾಡಬಹುದು, ನಾಳೆಯೇ ಒಪ್ಪಬೇಕು ಎನ್ನುತ್ತಿದೆ. ಒಪ್ಪಲೇ? ಖಾಲಿ ಇದ್ದ ತಿಂಗಳುಗಳ ಬಗ್ಗೆ ಏನು ಹೇಳಲಿ? ಹುಬ್ಬಳ್ಳಿಯಲ್ಲಿ ಕುಳಿತು ಈ ರೀತಿ ಬದುಕು ನಡೆಸಲು ಸಾಧ್ಯವೇ?

ಉತ್ತರ: ನಾಳೆ ಒಪ್ಪಬೇಡಿ. ಬೇಡವೆಂದೂ ಹೇಳಬೇಡಿ. ಎರಡು ದಿನ ಸಮಯ ಕೇಳಿ. ನಿಮ್ಮಂಥ ಅನುಭವಿ ನಿಜವಾಗಿ ಬೇಕಾಗಿರುವ ಕಂಪನಿ ಎರಡು ದಿನಕ್ಕೆ ಕೈಬಿಡುವುದಿಲ್ಲ. ಕೈಬಿಟ್ಟರೆ ಆ ಅವಸರ ಏಜೆನ್ಸಿಯದು ಎಂದು ತಿಳಿಯಿರಿ.

ನಾನು ಧಾರವಾಡದಲ್ಲಿ ಕುಳಿತು ಹನ್ನೊಂದು ವರ್ಷದಿಂದ ಗುತ್ತಿಗೆಯ ಮೇಲೆಯೇ ದುಡಿಯುತ್ತಿದ್ದೇನೆ. ಅದಕ್ಕೂ ಮೊದಲು ನಿಮ್ಮಂತೆಯೇ ಒಂಬತ್ತು ತಿಂಗಳು ಕೆಲಸವಿಲ್ಲದೆ ಕಳೆದಿದ್ದೇನೆ. ಆದ್ದರಿಂದ ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಲಕ್ಷದ ಲೆಕ್ಕವಲ್ಲ, ‘ಗುತ್ತಿಗೆ ಕೆಲಸವಾದರೂ ಸಿಗಲಿ’ ಎಂಬ ಮಾತು. ಆ ‘ಆದರೂ’ ಎಂಬ ಪದ ನಿಮ್ಮ ದರವನ್ನು ನೀವು ಬಾಯಿ ತೆರೆಯುವ ಮೊದಲೇ ಇಳಿಸಿಬಿಡುತ್ತದೆ. ಕಾಯಂ ಹುದ್ದೆಗೆ ತೆಗೆದುಕೊಳ್ಳುವವರು ನಿಮ್ಮ ವಯಸ್ಸು ನೋಡುತ್ತಾರೆ, ಮುಂದಿನ ಐದು ವರ್ಷ ನೋಡುತ್ತಾರೆ, ನಿಮ್ಮ ಸಂಬಳದಲ್ಲಿ ಇಬ್ಬರು ಕಿರಿಯರು ಬರುತ್ತಾರಲ್ಲ ಎಂದು ಲೆಕ್ಕ ಹಾಕುತ್ತಾರೆ. ಗುತ್ತಿಗೆಗೆ ಕರೆಯುವವರ ಮುಂದೆ ಒಂದು ತೊಂದರೆ ಕುಳಿತಿರುತ್ತದೆ. ಅದು ಯಾವ ತಾರೀಖಿಗೆ ಬಗೆಹರಿಯುತ್ತದೆ ಎಂಬುದೇ ಅವರ ಚಿಂತೆ. ಅಲ್ಲಿ 44 ವರ್ಷ ಎಂಬುದು ನಿಮ್ಮ ಪರವಾಗಿ ನಿಲ್ಲುತ್ತದೆ.

ಮೊದಲು ಆ ಏಜೆನ್ಸಿ ಹೇಳುತ್ತಿರುವ ಗುತ್ತಿಗೆ ಯಾವ ಬಗೆಯದು ಎಂದು ಕೇಳಿ ತಿಳಿದುಕೊಳ್ಳಿ. ಹೊಲದಲ್ಲಿ ದಿನಗೂಲಿಗೆ ಕಳೆ ತೆಗೆಯುವುದು, ಇಡೀ ಹೊಲದ ಕಳೆಯನ್ನು ಗುತ್ತಿಗೆ ಹಿಡಿಯುವುದು, ವರ್ಷಕ್ಕೆ ಹೊಲವನ್ನೇ ಲಾವಣಿಗೆ, ಅಂದರೆ ಗೇಣಿಗೆ, ಹಾಕಿಕೊಳ್ಳುವುದು, ಈ ಮೂರೂ ನಮ್ಮ ಭಾಗದ ರೈತರಿಗೆ ಬೇರೆ ಬೇರೆ ವ್ಯವಹಾರ. ನಮ್ಮ ಕ್ಷೇತ್ರದಲ್ಲಿ ಮಾತ್ರ ಎಲ್ಲಕ್ಕೂ ಗುತ್ತಿಗೆ ಎಂದು ಒಂದೇ ಹೆಸರಿಟ್ಟು ಗೊಂದಲ ಮಾಡಿಕೊಂಡಿದ್ದೇವೆ. ಒಂದು, ಏಜೆನ್ಸಿಯ ಪೇರೋಲ್ ಮೇಲೆ ಇರುವುದು. ನೀವು ಏಜೆನ್ಸಿಯ ನೌಕರರು, ಕೆಲಸ ಬೇರೆ ಕಂಪನಿಗೆ. ಸಂಬಳದ ಚೀಟಿ, ಪಿಎಫ್ ಇರುತ್ತದೆ. ಎರಡು, ಕಂಪನಿಯೇ ನೇರವಾಗಿ ನಿಗದಿತ ಅವಧಿಗೆ ನೇಮಿಸಿಕೊಳ್ಳುವುದು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಇಂಥವರಿಗೆ ಕಾಯಂ ನೌಕರರಿಗೆ ಸಮನಾದ ಸೌಲಭ್ಯ ಕೊಡಬೇಕು, ಒಂದು ವರ್ಷ ಪೂರೈಸಿದರೆ ಗ್ರಾಚ್ಯುಟಿಯೂ ಸಲ್ಲುತ್ತದೆ. ಮೂರು, ಸ್ವತಂತ್ರ ಸಲಹೆಗಾರರಾಗಿ ನೀವೇ ಇನ್‌ವಾಯ್ಸ್ ಬರೆದು ಹಣ ಪಡೆಯುವುದು. ಪಿಎಫ್ ಇಲ್ಲ, ರಜೆ ಇಲ್ಲ, ವಿಮೆ ಇಲ್ಲ. ಒಂದು ಲಕ್ಷ ಎಂಬ ಅದೇ ಮೊತ್ತ ಈ ಮೂರರಲ್ಲಿ ಮೂರು ಬೆಲೆ ಬಾಳುತ್ತದೆ.

ಮೂರನೆಯದರ ಲೆಕ್ಕವನ್ನು ಹಾಕಿಯೇ ತೋರಿಸುತ್ತೇನೆ, ಏಕೆಂದರೆ ಹೆಚ್ಚಿನವರು ಜಾರುವುದು ಇಲ್ಲಿಯೇ. ವರ್ಷದ 365 ದಿನದಲ್ಲಿ ಶನಿವಾರ, ಭಾನುವಾರ ಕಳೆದರೆ 261. ಹಬ್ಬದ ರಜೆ ಹನ್ನೆರಡು, ಜ್ವರ, ಮದುವೆ, ಊರ ಜಾತ್ರೆ ಎಂದು ಹದಿನಾಲ್ಕು ತೆಗೆಯಿರಿ, 235 ಉಳಿಯಿತು. ಒಂದು ಕೆಲಸ ಮುಗಿದು ಇನ್ನೊಂದು ಸಿಗುವ ನಡುವೆ ವರ್ಷಕ್ಕೆ ಎರಡು ತಿಂಗಳು, ಅಂದರೆ ಸುಮಾರು 40 ದಿನ ಹೋಗುತ್ತವೆ ಎಂದುಕೊಳ್ಳಿ. ಹಣ ತರುವ ದಿನಗಳು 195 ಮಾತ್ರ. ನಿಮ್ಮ 24 ಲಕ್ಷವನ್ನು 195ರಿಂದ ಭಾಗಿಸಿದರೆ ದಿನಕ್ಕೆ 12,300 ರೂಪಾಯಿ. ಇದು ನಿಮ್ಮ ಹಳೆಯ ಜೀವನಕ್ಕೆ ಸಮನಾದ ದರ. ವಿಮೆ, ಲ್ಯಾಪ್‌ಟಾಪ್, ಇಂಟರ್ನೆಟ್ ಇನ್ನೂ ಸೇರಿಲ್ಲ. ಈಗ ಬಂದಿರುವ ಒಂದು ಲಕ್ಷವನ್ನು ತಿಂಗಳ 22 ದಿನಕ್ಕೆ ಹಂಚಿದರೆ ದಿನಕ್ಕೆ 4,545. ಅರ್ಧ ಸಂಬಳ ಎಂದು ನೀವು ತಿಳಿದಿದ್ದೀರಿ, ಸ್ವತಂತ್ರ ಗುತ್ತಿಗೆಯಾದರೆ ಅದು ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಇದರ ಇನ್ನೊಂದು ಬದಿಯನ್ನೂ ನೋಡಬೇಕು. ಮಾಹಿತಿ ತಂತ್ರಜ್ಞಾನ ವೃತ್ತಿಯವರು ವರ್ಷದ ಗಳಿಕೆ 50 ಲಕ್ಷದ ಒಳಗಿದ್ದರೆ, ಅದರಲ್ಲಿ ನಗದು ಶೇ 5 ಮೀರದಿದ್ದರೆ 75 ಲಕ್ಷದವರೆಗೂ, ಗಳಿಕೆಯ ಅರ್ಧವನ್ನು ಮಾತ್ರ ಆದಾಯವೆಂದು ತೋರಿಸಿ ತೆರಿಗೆ ಕಟ್ಟಲು ಅವಕಾಶವಿದೆ. 2025-26ರ ಆರ್ಥಿಕ ವರ್ಷದಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಸಿಕ್ಕಿ ತೆರಿಗೆ ಬೀಳುವುದಿಲ್ಲ. ಬೇರೆ ಆದಾಯವಿಲ್ಲದಿದ್ದರೆ 24 ಲಕ್ಷದ ಇನ್‌ವಾಯ್ಸ್‌ಗಳ ಮೇಲೂ ನಿಮಗೆ ಆದಾಯ ತೆರಿಗೆ ಬಾರದಿರಬಹುದು. ಕಂಪನಿಯವರು ಶೇ 10ರಂತೆ ಮುರಿದುಕೊಂಡ ಟಿಡಿಎಸ್ (ಮೂಲದಲ್ಲೇ ಹಿಡಿಯುವ ತೆರಿಗೆ) ರಿಟರ್ನ್ ಹಾಕಿದ ಮೇಲೆ ವಾಪಸ್ ಬರುತ್ತದೆ, ಆದರೆ ಆ ತನಕ ಅದು ನಿಮ್ಮ ಕೈಯಲ್ಲಿರುವುದಿಲ್ಲ ಎಂಬುದನ್ನು ಮನೆ ಖರ್ಚಿನ ಲೆಕ್ಕದಲ್ಲಿ ಇಟ್ಟುಕೊಳ್ಳಿ. ವರ್ಷದ ಗಳಿಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ವಿದೇಶಿ ಗ್ರಾಹಕರಿದ್ದರೆ ಆ ಸೇವೆಗೆ ಜಿಎಸ್‌ಟಿ ಶೂನ್ಯ ದರ. ತೆರಿಗೆ ಕಟ್ಟದೆಯೇ ಬಿಲ್ ಮಾಡಲು ಪ್ರತಿ ವರ್ಷ ಒಂದು ಮುಚ್ಚಳಿಕೆ ಸಲ್ಲಿಸಬೇಕು. ಇವುಗಳನ್ನು ಒಮ್ಮೆ ಒಳ್ಳೆಯ ಲೆಕ್ಕಪರಿಶೋಧಕರ ಬಳಿ ಕುಳಿತು ಸರಿಪಡಿಸಿಕೊಳ್ಳಿ. ಹುಬ್ಬಳ್ಳಿಯಲ್ಲಿ ಅವರಿಗೆ ಕೊರತೆಯಿಲ್ಲ.

ಏಜೆನ್ಸಿಗಳ ಮೌನದ ವಿಷಯ. ಅಮರಗೋಳದ ಎಪಿಎಂಸಿಗೆ ಹೋದ ರೈತನ ಮಾಲು ಅಡತಿ ಅಂಗಡಿಯಿಂದ ಖರೀದಿದಾರನಿಗೆ ಹೋಗುತ್ತದೆ. ನಡುವೆ ದಲಾಲಿ ಎಷ್ಟು ಎಂಬುದು ಅವನಿಗೆ ಗೊತ್ತು, ಆ ದಿನದ ದರ ಎಷ್ಟು ಎಂಬುದೂ ಗೊತ್ತು. ನಮ್ಮ ವ್ಯವಹಾರದಲ್ಲಿ ಕಂಪನಿ ಮತ್ತು ನಿಮ್ಮ ನಡುವೆ ಎರಡು, ಕೆಲವೊಮ್ಮೆ ಮೂರು ಏಜೆನ್ಸಿಗಳಿರುತ್ತವೆ. ಪ್ರತಿಯೊಂದೂ ತನ್ನ ಪಾಲು ತೆಗೆದುಕೊಳ್ಳುತ್ತದೆ, ಯಾರೂ ಎಷ್ಟೆಂದು ಹೇಳುವುದಿಲ್ಲ. ಒಂದೇ ಕೆಲಸಕ್ಕೆ ಅನೇಕ ಏಜೆನ್ಸಿಗಳು ಏಕಕಾಲಕ್ಕೆ ರೆಸ್ಯೂಮೆ ಕಲೆಹಾಕುತ್ತವೆ. ಅವುಗಳಲ್ಲಿ ಕೆಲವಕ್ಕೆ ಆ ಕಂಪನಿಯೊಂದಿಗೆ ಒಪ್ಪಂದವೇ ಇರುವುದಿಲ್ಲ. ಎರಡು ಏಜೆನ್ಸಿಗಳಿಂದ ನಿಮ್ಮ ಹೆಸರು ಒಂದೇ ಕೆಲಸಕ್ಕೆ ಹೋದರೆ, ಯಾರಿಗೆ ಕಮಿಷನ್ ಸಲ್ಲಬೇಕೆಂಬ ಜಗಳ ಬೇಡವೆಂದು ಕಂಪನಿ ನಿಮ್ಮ ಹೆಸರನ್ನೇ ಬಿಟ್ಟುಬಿಡುವುದುಂಟು. ನೀವು ಸಿಕ್ಕವರಿಗೆಲ್ಲ ರೆಸ್ಯೂಮೆ ಕೊಟ್ಟಿದ್ದರೆ ಏಳು ತಿಂಗಳ ಮೌನಕ್ಕೆ ಒಂದು ಕಾರಣ ಇದೇ ಇರಬಹುದು. ಇನ್ನು ಮುಂದೆ ಕಂಪನಿಯ ಹೆಸರು ಹೇಳದವರಿಗೆ ರೆಸ್ಯೂಮೆ ಕೊಡಬೇಡಿ. ಹೆಸರು ಹೇಳಿದವರಿಗೆ ‘ಈ ಕಂಪನಿಯ ಈ ಕೆಲಸಕ್ಕೆ, ಈ ದರಕ್ಕೆ, ನನ್ನನ್ನು ಸೂಚಿಸಲು ನಿಮಗೆ ನನ್ನ ಒಪ್ಪಿಗೆ ಇದೆ’ ಎಂದು ಒಂದು ಸಾಲಿನ ಇಮೇಲ್ ಕಳಿಸಿ, ಯಾರಿಗೆ ಯಾವ ದಿನ ಕೊಟ್ಟಿರಿ ಎಂದು ಒಂದು ವಹಿಯಲ್ಲಿ ಬರೆದಿಟ್ಟುಕೊಳ್ಳಿ. ಸಂದರ್ಶನ ನಿಗದಿಯಾಗುವ ಮೊದಲು ಆಧಾರ್, ಪ್ಯಾನ್ ಪ್ರತಿಗಳು ಬೇಡ. ನೋಂದಣಿಗೆ, ತರಬೇತಿಗೆ, ಲ್ಯಾಪ್‌ಟಾಪ್ ಠೇವಣಿಗೆ ಎಂದು ಯಾರಾದರೂ ಹಣ ಕೇಳಿದರೆ ಮಾತು ಅಲ್ಲಿಗೇ ಮುಗಿಯಬೇಕು. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ನನಗೆ ಮೊದಲ ಕೆಲಸ ಬಂದದ್ದು ಏಜೆನ್ಸಿಯಿಂದಲ್ಲ. ಒಂಬತ್ತನೆಯ ತಿಂಗಳಲ್ಲಿ, ಹಿಂದೆ ಜೊತೆಗಿದ್ದ ಒಬ್ಬ ಸಹೋದ್ಯೋಗಿಯಿಂದ ಬಂತು. ನಾವಿಬ್ಬರೂ ಒಂದು ರಾತ್ರಿಯಿಡೀ ಎಚ್ಚರವಿದ್ದು ಕುಸಿದಿದ್ದ ಡೇಟಾಬೇಸ್ ಒಂದನ್ನು ಮತ್ತೆ ನಿಲ್ಲಿಸಿದ್ದೆವು. ಆತನಿಗೆ ನನ್ನ ರೆಸ್ಯೂಮೆ ನೆನಪಿರಲಿಲ್ಲ, ಆ ರಾತ್ರಿ ನೆನಪಿತ್ತು. ಅಂದಿನಿಂದ ಇಂದಿನವರೆಗೆ ನನ್ನ ಬಹುಪಾಲು ಕೆಲಸ ಹೀಗೆಯೇ ಬಂದಿದೆ. 19 ವರ್ಷದಲ್ಲಿ ನಿಮ್ಮ ಕೆಲಸವನ್ನು ಕಣ್ಣಾರೆ ಕಂಡವರು ನೂರು ಜನರಾದರೂ ಇರುತ್ತಾರೆ. ಈಗ ಎಲ್ಲೆಲ್ಲೋ ಹಂಚಿಹೋಗಿರುವ ಅವರಲ್ಲಿ ಅನೇಕರು ತಾವೇ ಜನರನ್ನು ನೇಮಿಸಿಕೊಳ್ಳುವ ಸ್ಥಾನದಲ್ಲಿದ್ದಾರೆ. ಅವರ ಪಟ್ಟಿ ಮಾಡಿ ದಿನಕ್ಕೆ ನಾಲ್ವರಿಗೆ ಬರೆಯಿರಿ. ‘ನಿಮ್ಮಲ್ಲಿ ಏನಾದರೂ ಕೆಲಸ ಇದೆಯೇ’ ಎಂದು ಕೇಳಿದರೆ ಪಾಪ, ಅವರಿಗೂ ಏನು ಉತ್ತರಿಸಬೇಕೆಂದು ತಿಳಿಯದು. ಇಲ್ಲ ಎನ್ನಲು ಸಂಕೋಚಪಟ್ಟು ಸುಮ್ಮನಾಗುತ್ತಾರೆ. ನೀವು ಯಾವ ಒಂದು ಕೆಲಸವನ್ನು ಎಷ್ಟು ವಾರದಲ್ಲಿ ಮಾಡಿಕೊಡಬಲ್ಲಿರಿ ಎಂದು ಬರೆಯಿರಿ. ಅದು ಓದಿದವರ ತಲೆಯಲ್ಲಿ ಉಳಿಯುತ್ತದೆ. ಮೂರು ತಿಂಗಳ ಮೇಲೆ ಅವರ ಕಚೇರಿಯಲ್ಲಿ ಅದೇ ತೊಂದರೆ ಎದ್ದಾಗ ನಿಮ್ಮ ಹೆಸರು ಹೊರಬರುತ್ತದೆ.

ಆ ಒಂದು ಕೆಲಸ ಯಾವುದು? ನಿಮ್ಮ ಕ್ಷೇತ್ರದಿಂದಲೇ ಹೇಳುವುದಾದರೆ, ಒರಾಕಲ್ ಡೇಟಾಬೇಸ್‌ನ ಪರವಾನಗಿ ವೆಚ್ಚ ತಾಳಲಾರದೆ ಪೋಸ್ಟ್‌ಗ್ರೆಸ್ ಎಂಬ ಉಚಿತ ಡೇಟಾಬೇಸ್‌ಗೆ ಬರಲು ಬಯಸುವ ಕಂಪನಿಗಳಿವೆ. ಡೇಟಾಬೇಸ್ ಒಳಗೇ ಬರೆದಿಟ್ಟ ಹಳೆಯ ಸ್ಟೋರ್ಡ್ ಪ್ರೊಸೀಜರ್‌ಗಳನ್ನು ಓದಿ ಅರ್ಥಮಾಡಿಕೊಳ್ಳುವವರು ಅಲ್ಲಿ ಬೇಕು, ಕಿರಿಯರಿಗೆ ಅದು ಒಗ್ಗುವುದಿಲ್ಲ. ಇನ್ನೊಂದು ಹೊಸ ದಾರಿಯೂ ತೆರೆದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಾರಿಕೆಗಳಿಗೆ ಅಲ್ಲಿಂದ ಹದಿನೆಂಟು ತಿಂಗಳ ಕಾಲಾವಕಾಶ ಕೊಡಲಾಗಿದೆ. ಗ್ರಾಹಕರ ಹೆಸರು, ಫೋನ್ ಸಂಖ್ಯೆಗಳು ತಮ್ಮ ಯಾವ ಕೋಷ್ಟಕದಲ್ಲಿ, ಯಾವ ಬ್ಯಾಕಪ್‌ನಲ್ಲಿ ಬಿದ್ದಿವೆ ಎಂಬುದೇ ಎಷ್ಟೋ ಕಂಪನಿಗಳಿಗೆ ಗೊತ್ತಿಲ್ಲ. ವಕೀಲರು ಕಾಯ್ದೆಯನ್ನು ವಿವರಿಸಬಲ್ಲರು, ಅಳಿಸು ಎಂದಾಗ ನಿಜವಾಗಿ ಅಳಿಯುವಂತೆ ಮಾಡಲು ನಿಮ್ಮಂಥವರೇ ಬೇಕು. ಆರು ವಾರದ ಇಂಥ ಒಂದು ಕೆಲಸವನ್ನು ಅಚ್ಚುಕಟ್ಟಾಗಿ ರೂಪಿಸಿ ಎರಡು ಪುಟದಲ್ಲಿ ಬರೆದಿಟ್ಟುಕೊಳ್ಳಿ. ನಿಮ್ಮ ನಾಲ್ಕು ಪುಟದ ರೆಸ್ಯೂಮೆಗಿಂತ ಅದು ಹೆಚ್ಚು ದೂರ ಹೋಗುತ್ತದೆ.

ಖಾಲಿ ತಿಂಗಳುಗಳ ಬಗ್ಗೆ ಎರಡೇ ವಾಕ್ಯ ಸಾಕು: ತಂಡವನ್ನು ಮುಚ್ಚಿದರು, ಆಮೇಲೆ ಊರಿಗೆ ಬಂದು ಸ್ವತಂತ್ರ ಕೆಲಸಕ್ಕೆ ಸಿದ್ಧನಾದೆ. ಧ್ವನಿಯಲ್ಲಿ ಕ್ಷಮೆ ಬೇಡ. ಆದರೆ ಆ ಅವಧಿಗೆ ಸುಳ್ಳು ಅನುಭವ ಪತ್ರ ಮಾಡಿಕೊಡುತ್ತೇವೆ ಎಂದು ಬರುವವರನ್ನು ಹತ್ತಿರಕ್ಕೂ ಬಿಟ್ಟುಕೊಳ್ಳಬೇಡಿ. ಹಿನ್ನೆಲೆ ಪರಿಶೀಲನೆ ಮಾಡುವವರು ಪಿಎಫ್ ಖಾತೆಯ ಸೇವಾ ವಿವರ ತೆಗೆಸಿ ನೋಡುತ್ತಾರೆ, ಸೇರಿದ ದಿನ ಬಿಟ್ಟ ದಿನ ಎಲ್ಲವೂ ಅಲ್ಲಿರುತ್ತದೆ. 19 ವರ್ಷದ ಪ್ರಾಮಾಣಿಕ ದುಡಿಮೆಯ ಮೇಲೆ ಏಳು ತಿಂಗಳಿಗಾಗಿ ಕಲೆ ಹಚ್ಚಿಕೊಳ್ಳುವುದನ್ನು ನೆನೆದರೇ ನನಗೆ ಸಂಕಟವಾಗುತ್ತದೆ.

ಹುಬ್ಬಳ್ಳಿಯಲ್ಲಿ ಕುಳಿತು ಸಾಧ್ಯವೇ ಎಂದು ಕೇಳಿದ್ದೀರಿ. ಸಾಧ್ಯ, ಗ್ರಾಹಕರು ಹೊರಗಿನವರಾದರೆ. ಗೋಕುಲ, ತಾರಿಹಾಳ, ಬೇಲೂರು ಕೈಗಾರಿಕಾ ಪ್ರದೇಶಗಳ ಕಾರ್ಖಾನೆಗಳಲ್ಲಿ, ಇಲ್ಲಿನ ಆಸ್ಪತ್ರೆ ಮತ್ತು ಸಹಕಾರಿ ಸಂಘಗಳಲ್ಲಿ ಕೆಲಸವಿದೆ. ದರ ಮಾತ್ರ ಬೆಂಗಳೂರಿನದಲ್ಲ, ಹಣವೂ ಉದ್ರಿಯ ಮೇಲೆ ನಿಧಾನವಾಗಿ ಬರುತ್ತದೆ. ಅದರ ಮೇಲೆಯೇ ಮನೆ ನಡೆಸುತ್ತೇನೆ ಎಂದುಕೊಳ್ಳಬೇಡಿ. ಹೊರಗಿನ ಗ್ರಾಹಕರಿಗೆ ಮೊದಲು ಬರುವ ಅನುಮಾನ ವಿದ್ಯುತ್ ಮತ್ತು ಇಂಟರ್ನೆಟ್‌ನದು. ಬೇರೆ ಬೇರೆ ಕಂಪನಿಗಳ ಎರಡು ಸಂಪರ್ಕ, ಆರು ಗಂಟೆ ತಾಳುವ ಇನ್ವರ್ಟರ್ ಇಟ್ಟುಕೊಂಡು ಅದನ್ನು ಮೊದಲ ಮಾತುಕತೆಯಲ್ಲೇ ಹೇಳಿಬಿಡಿ. 2023ರ ಜೂನ್‌ನಿಂದ ಬೆಂಗಳೂರು–ಧಾರವಾಡ ವಂದೇ ಭಾರತ್ ಓಡುತ್ತಿದೆ, ತಿಂಗಳಿಗೆ ಎರಡು ದಿನ ಕಚೇರಿಗೆ ಬರುತ್ತೇನೆ ಎಂದು ಧೈರ್ಯವಾಗಿ ಹೇಳಬಹುದು. ಇಂದಿರಾ ಗಾಜಿನ ಮನೆಯ ಬಳಿಯ ಐಟಿ ಪಾರ್ಕಿಗೆ, ಗೋಕುಲ ರಸ್ತೆಯ ದೇಶಪಾಂಡೆ ಸ್ಟಾರ್ಟಪ್ಸ್‌ಗೆ ಹೋಗಿ ಬನ್ನಿ. ಕೆಲಸ ಕೇಳಲು ಬೇಡ. ಚಿಕ್ಕ ಕಂಪನಿಗಳ ತೊಂದರೆಗಳನ್ನು ಕೇಳಿಸಿಕೊಳ್ಳಲು ಹೋಗಿ.

ಇನ್ನೊಂದು ದಾರಿ ನಮ್ಮ ಊರಿಗೇ ಹೊಂದುವಂಥದ್ದು. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲಿ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಎಂಬ ನಿಗದಿತ ಅವಧಿಯ ಹುದ್ದೆಗೆ ಮಾರ್ಗಸೂಚಿ ಹೊರಡಿಸಿತು. ಪಿಎಚ್‌ಡಿ ಬೇಕಿಲ್ಲ, ಕ್ಷೇತ್ರದಲ್ಲಿ ಕನಿಷ್ಠ 15 ವರ್ಷದ ಅನುಭವ, ಅದೂ ಸಾಧ್ಯವಾದಷ್ಟು ಹಿರಿಯ ಮಟ್ಟದಲ್ಲಿ, ಇರಬೇಕು. ವಿದ್ಯಾನಗರದ ನಿಮ್ಮ ಮನೆಯಿಂದ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ ಎಷ್ಟು ದೂರ? ಹುಬ್ಬಳ್ಳಿ–ಧಾರವಾಡ ನಡುವಿನ ಚಿಗರಿ ಬಸ್ ಹತ್ತಿದರೆ ಧಾರವಾಡದ ಕಾಲೇಜುಗಳೂ ದೂರವಲ್ಲ. ವಾರಕ್ಕೆ ಎರಡು ದಿನದ ಪಾಠ ಗುತ್ತಿಗೆ ಕೆಲಸಕ್ಕೆ ಅಡ್ಡಿಯಾಗುವುದಿಲ್ಲ, ವಿಭಾಗದ ಮುಖ್ಯಸ್ಥರನ್ನು ಭೇಟಿಯಾಗಿ ಕೇಳಿ ನೋಡಿ. ಮನೆಯವರಿಗೆ ‘ಮಗ ಏನು ಮಾಡುತ್ತಿದ್ದಾನೆ’ ಎಂಬ ನೆರೆಹೊರೆಯವರ ಪ್ರಶ್ನೆಗೆ ಹೇಳಲು ಒಂದು ಉತ್ತರ ಸಿಗುತ್ತದೆ ಎಂಬುದನ್ನು ನಾನು ಸಣ್ಣ ವಿಷಯವೆಂದು ಎಣಿಸುವುದಿಲ್ಲ. ಆ ಪ್ರಶ್ನೆ ನಮಗಿಂತ ತಂದೆತಾಯಿಯರನ್ನು ಹೆಚ್ಚು ಸುಡುತ್ತದೆ.

ತಂದೆಯವರ ವಿಮೆಯ ಬಗ್ಗೆ ನೀವು ಬರೆದಿಲ್ಲ. ಕಂಪನಿಯ ಗುಂಪು ವಿಮೆಯಲ್ಲಿ ಅವರಿದ್ದರೆ ನೀವು ಹೊರಬಂದಾಗಲೇ ಅದು ನಿಂತಿರುತ್ತದೆ. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದಿದ್ದಾರೆ. ಬೇರೆ ಯಾವ ಖರ್ಚಿಗಿಂತ ಮೊದಲು ಅದನ್ನು ಮಾಡಿಸಿ. ಪಿಎಫ್ ಹಣ ಮುಟ್ಟುವುದು ಕೊನೆಯ ಉಪಾಯವಾಗಿರಲಿ.

ಕರಾರಿನ ವಿಷಯದಲ್ಲಿ ನನ್ನ ಅನುಭವ ಹೇಳಿಬಿಡುತ್ತೇನೆ. ಎರಡನೆಯ ವರ್ಷ ಒಂದು ಕಂಪನಿಗೆ ಬರೀ ವಾಟ್ಸ್‌ಆಪ್ ಮಾತಿನ ಮೇಲೆ ಎರಡು ತಿಂಗಳು ದುಡಿದೆ. ಕೆಲಸ ಮುಗಿದ ಮೇಲೆ ಅವರು ಫೋನ್ ಎತ್ತುವುದನ್ನು ನಿಲ್ಲಿಸಿದರು. ಸಣ್ಣ ಉದ್ದಿಮೆಗಳ ಕಾನೂನಿನ ನೆರವು ಪಡೆಯೋಣವೆಂದು ಆಗ ಓಡಾಡಿ ನೋಂದಣಿ ಮಾಡಿಸಿದೆ. ಕೆಲಸ ಕೊಟ್ಟ ಮೇಲಿನ ನೋಂದಣಿ ಹಿಂದಿನ ಬಾಕಿಗೆ ನಿಲ್ಲುವುದು ಕಷ್ಟ ಎಂದು ವಕೀಲರು ಹೇಳಿದರು. ಆ ಹಣ ಇಂದಿಗೂ ಬಂದಿಲ್ಲ. ಈಗ ಸಣ್ಣ ಉದ್ದಿಮೆಗಳ ಆ ಸರ್ಕಾರಿ ನೋಂದಣಿಗೆ ಉದ್ಯಮ್ ಎಂದು ಹೆಸರು, ಆನ್‌ಲೈನ್‌ನಲ್ಲಿ ಉಚಿತ. ಸಲಹಾ ಸೇವೆಗೂ ಸಿಗುತ್ತದೆ. ಈ ವಾರವೇ ಮಾಡಿಸಿ, ಸಂಖ್ಯೆಯನ್ನು ಪ್ರತಿ ಇನ್‌ವಾಯ್ಸ್ ಮೇಲೆ ಹಾಕಿ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆ) ಅಭಿವೃದ್ಧಿ ಕಾಯ್ದೆಯ ಪ್ರಕಾರ ಬರವಣಿಗೆಯ ಕರಾರಿದ್ದರೂ ಹಣ ಕೊಡಲು 45 ದಿನಕ್ಕಿಂತ ಹೆಚ್ಚು ವಾಯಿದೆ ಇಡುವಂತಿಲ್ಲ. ಕರಾರಿಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇದನ್ನು ಬಲ್ಲ ಲೆಕ್ಕ ವಿಭಾಗದವರು ನಿಮ್ಮ ಬಿಲ್ಲನ್ನು ರಾಶಿಯ ಮೇಲ್ಭಾಗಕ್ಕೆ ತರುತ್ತಾರೆ.

ಹೊಸ ಗ್ರಾಹಕರಾದರೆ ಸಂಚಕಾರ, ಅಂದರೆ ಮುಂಗಡ ಹಣ, ಕೇಳಿ, ನಾಚಿಕೊಳ್ಳಬೇಡಿ. ಬರೆದ ಕೋಡಿನ ಹಕ್ಕು ಪೂರ್ತಿ ಹಣ ಸಂದಾಯವಾದ ಮೇಲೆ ಅವರಿಗೆ ಹೋಗುತ್ತದೆ ಎಂಬ ಸಾಲು ಕರಾರಿನಲ್ಲಿರಲಿ. ಸ್ವತಂತ್ರವಾಗಿ ಕೆಲಸ ಮಾಡಿದವರು ಲಿಖಿತವಾಗಿ ಬಿಟ್ಟುಕೊಡುವವರೆಗೆ ಹಕ್ಕು ಸಾಮಾನ್ಯವಾಗಿ ಅವರದ್ದೇ ಎಂದು 1957ರ ಕೃತಿಸ್ವಾಮ್ಯ ಕಾಯ್ದೆ ಹೇಳುತ್ತದೆ. ಆ ಬಲವನ್ನು ಮೊದಲ ದಿನವೇ ಕೈಬಿಡಬೇಡಿ. ನಷ್ಟವಾದರೆ ನಿಮ್ಮ ಹೊಣೆ ನೀವು ಪಡೆದ ಶುಲ್ಕವನ್ನು ಮೀರಬಾರದು. ಕೆಲಸ ಮುಗಿದ ಮೇಲೂ ಎರಡು ವರ್ಷ ಬೇರೆಯವರಿಗೆ ದುಡಿಯಬಾರದು ಎಂಬ ಷರತ್ತು ಕಂಡರೆ ಹೊಡೆದುಹಾಕಲು ಹೇಳಿ. 1872ರ ಕರಾರು ಕಾಯ್ದೆಯ 27ನೆಯ ಕಲಮಿನ ಮುಂದೆ ಅದು ನಿಲ್ಲುವುದಿಲ್ಲ, ಆದರೂ ಇಟ್ಟುಕೊಂಡು ಹೆದರಿಸುತ್ತಾರೆ.

ಈಗ ಏಜೆನ್ಸಿಗೆ ಕಳಿಸಬೇಕಾದ ಉತ್ತರ. ಮನೆಯಲ್ಲಿ ಇನ್ನೆಷ್ಟು ತಿಂಗಳ ಖರ್ಚಿಗೆ ಹಣವಿದೆ ಎಂದು ಇಂದು ರಾತ್ರಿಯೇ ಮನೆಯವರೊಂದಿಗೆ ಕುಳಿತು ಎಣಿಸಿ. ಮೂರು ತಿಂಗಳಿಗಿಂತ ಕಡಿಮೆಯಿದ್ದರೆ ಈ ಕೆಲಸ ಹಿಡಿಯಿರಿ, ಅದರಲ್ಲಿ ಅವಮಾನವೇನಿಲ್ಲ. ಆದರೆ ಪೇರೋಲ್ ಯಾರದು, ಕಂಪನಿ ಯಾವುದು, ಮಧ್ಯದಲ್ಲಿ ನಿಲ್ಲಿಸಿದರೆ ಎಷ್ಟು ದಿನದ ನೋಟಿಸ್ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಅವರಿಗೆ ನೋಟಿಸ್ ಇಲ್ಲದೆ ನಿಲ್ಲಿಸುವ ಹಕ್ಕಿದ್ದರೆ ಆರು ತಿಂಗಳು ಎಂಬುದು ಕಾಗದದ ಮೇಲಿನ ಮಾತು ಮಾತ್ರ. ಇಬ್ಬರಿಗೂ 15 ದಿನ ಎಂದು ಬರೆಸಿ. ಹಣ ಇನ್ನಷ್ಟು ದಿನಕ್ಕಿದ್ದರೆ ಹೀಗೆ ಕೇಳಿ: ಮೊತ್ತ ಅದೇ ಒಂದು ಲಕ್ಷ ಇರಲಿ, ನಾನು ವಾರಕ್ಕೆ ಮೂರು ದಿನ ಕೊಡುತ್ತೇನೆ. ತಿಂಗಳಿಗೆ 13 ದಿನವಾದರೆ ದಿನದ ದರ 7,700ರ ಹತ್ತಿರ ಬರುತ್ತದೆ, ಉಳಿದೆರಡು ದಿನ ನಿಮ್ಮ ಪಟ್ಟಿಯ ನೂರು ಜನರಿಗೆ ಬರೆಯಲು ಸಿಗುತ್ತವೆ. ಒಪ್ಪಿದರೆ ಬರುವ ಸೋಮವಾರದಿಂದಲೇ ಆರಂಭಿಸಿ. ಒಪ್ಪದಿದ್ದರೆ, ಯಾಕೆ ಒಪ್ಪಲಿಲ್ಲ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಮುಂದಿನ ಕರೆಗೆ ಅದು ಬೇಕಾಗುತ್ತದೆ.